ಮಂತ್ರಿ ರಾಜಮತಿಯವರು ಕೇಳುವ ಪ್ರಶ್ನೆ

ಕೇಂದ್ರ ಮಂತ್ರಿ ರಾಜಮತಿಯವರು ಸಂಸತ್ತಿನಲ್ಲಿ ಯಾವ ಪ್ರಶ್ನೆಗೂ ಹೆದರುವವರಲ್ಲ. ಲಂಕೆಯ ಜೊತೆಗಿನ ಒಪ್ಪಂದವಿರಲಿ, ಖಾನಾಪುರದ ರೈಲ್ವೆ ಗೇಟಿರಲಿ, ಚೀಟಿ ನೋಡದೆ ಉತ್ತರ ಕೊಡುತ್ತಾರೆ. ಮನೆಯಲ್ಲಿ ಟವೆಲ್ ಎಲ್ಲಿ, ಚಾವಿ ಎಲ್ಲಿ ಎಂಬುದಕ್ಕೆಲ್ಲ ಮೂವತ್ತು ವರ್ಷ ರೊಟ್ಟಿ ತಟ್ಟುತ್ತಲೇ ಉತ್ತರಿಸಿದ ನಾಲಿಗೆ ಅದು. ವಿರೋಧಪಕ್ಷದವರು ಕೂಗಾಡಿದರೆ, "ಸಾಲಿನಾಗ ಕುಂದರ್ರಿ ಅಣ್ಣಾರ, ಎಲ್ಲಾರಿಗೂ ಬಡಸ್ತೀನಿ" ಎನ್ನುತ್ತಾರೆ. ಆದರೆ ಶನಿವಾರ ಊರಿಗೆ, ಅನಗೋಳದ ಮನೆಗೆ ಬಂದು ತಾವೇ ಕೇಳುವ ಒಂದು ಪ್ರಶ್ನೆಗೆ ಅವರಿಗೆ ಇನ್ನೂ ಉತ್ತರ ಸಿಕ್ಕಿಲ್ಲ: "ಸಂಜಿಗೆ ಏನ ಅಡಗಿ ಮಾಡ್ಲಿರಿ?" ಗಂಡ ಜಿನಪಾಲರು ಟೀವಿಯಿಂದ ಕಣ್ಣು ಕೀಳದೆ, "ಏನರ ಮಾಡ" ಎನ್ನುತ್ತಾರೆ. ಮೊನ್ನೆ ಮಂತ್ರಿಗಳು, "ಸ್ಪಷ್ಟ ಉತ್ತರ ಬರ್ಲಿಲ್ಲ, ಸಭಾತ್ಯಾಗ ಮಾಡ್ತೀನ್ರಿ" ಎಂದು ಅಡುಗೆಮನೆಯ ದೀಪ ಆರಿಸಿ ಹೊರಬಂದು ಸೋಫಾದ ಮೇಲೆ ಕೂತೇಬಿಟ್ಟರು. ಜಿನಪಾಲರು ಟೀವಿ ಆರಿಸಿ ಎದ್ದು ಹೋಗಿ, ಅಡುಗೆಮನೆಯ ದೀಪದ ಸ್ವಿಚ್ಚು ಹುಡುಕತೊಡಗಿದರು.