ಜೆರಾಕ್ಸ್ ಅಕ್ಕ ಕಟ್ಟಿಕೊಟ್ಟ ಐದು ಬಣ್ಣದ ಡೆಕ್

ಅಕ್ಕನ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾಗದ ಎಣಿಸಿ, ತಿರುವಿ, ಅಂಚು ಕೂಡಿಸಿ ಆ ಬೆರಳ ತುದಿ ರುಬ್ಬುವ ಗುಂಡಿನಂತೆ ನುಣುಪಾಗಿಬಿಟ್ಟಿತ್ತು. ನ್ಯಾಯಬೆಲೆ ಅಂಗಡಿಯ ಯಂತ್ರ ಅದನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಸೆರಗಿನಲ್ಲಿ ಒರೆಸಿ, ಎಣ್ಣೆ ಹಚ್ಚಿ, ಊದಿ ಮತ್ತೆ ಒತ್ತುತ್ತಿದ್ದರು. ಯಂತ್ರ ಕೆಂಪು ದೀಪ ತೋರಿಸುತ್ತಿತ್ತು. “ನಾನು ನಾನೇ ಅಂತ ಇದ್ಕೆ ಹೆಂಗ್ ಹೇಳ್ಲವ್ವ?” ಎಂದು ನಗುತ್ತಾ ವಾಪಸು ಬರುತ್ತಿದ್ದರು.

ಮಧುಗಿರಿಯ ಕೋರ್ಟಿನ ಎದುರು ಅವರದೊಂದು ಸಣ್ಣ ಜೆರಾಕ್ಸ್ ಅಂಗಡಿ. ವಕೀಲರು, ಕಕ್ಷಿದಾರರು, ಪಹಣಿ ಹಿಡಿದು ಬಂದ ರೈತರು, ಎಲ್ಲರಿಗೂ ಅವರು ಜೆರಾಕ್ಸ್ ಅಕ್ಕ. ಹುಟ್ಟಿದ್ದು ಪಾವಗಡದಾಚೆಯ ಹಳ್ಳಿಯಲ್ಲಿ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅಂಗಡಿ ನಡೆಸುತ್ತಿದ್ದರು. ಕೆಲಸ ಕೆಟ್ಟಾಗ, ಹಾಳೆ ಸಿಕ್ಕಿಕೊಂಡಾಗ ತೆಲುಗು ಬಂದುಬಿಡುತ್ತಿತ್ತು. “ಪೋನೀಲೇ” ಎನ್ನುತ್ತಿದ್ದರು. ಹೋಗಲಿ ಬಿಡು ಎಂದು. ಅವರಷ್ಟು ಹಗುರವಾಗಿ ಆ ಮಾತನ್ನು ಹೇಳಿದವರನ್ನು ನಾನು ಕಂಡಿಲ್ಲ.

ನಾನು ಆಗ ಅಲ್ಲೇ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಅಕ್ಕನನ್ನು ದಿನವೂ ನೋಡುತ್ತಿದ್ದರೂ ಮಾತಾಡಿದ್ದು ಕಡಿಮೆ. ಮಾತು ಶುರುವಾದದ್ದು ನನ್ನ ತಮ್ಮನ ಮರಣ ಪ್ರಮಾಣಪತ್ರದ ನಕಲು ತೆಗೆಸಲು ಹೋದ ದಿನ. ಕೊರಟಗೆರೆಯಿಂದ ಬೈಕಿನಲ್ಲಿ ಬರುತ್ತಿದ್ದವನು ಅಪಘಾತವಾಗಿ ದಾರಿಯಲ್ಲೇ ತೀರಿಕೊಂಡು ಹದಿನೇಳು ದಿನವಾಗಿತ್ತು. ಅವನ ಫೈಲನ್ನೇ ಹಾಗೇ ಎತ್ತಿಕೊಂಡು ಹೋಗಿದ್ದೆ. ಅಂಕಪಟ್ಟಿಗಳ ನಡುವೆ ಮಡಿಚಿದ್ದ ಒಂದು ಗೆರೆಹಾಳೆಯನ್ನು ಅಕ್ಕ ಬಿಡಿಸಿ ಕೇಳಿದರು.

“ಇದ್ನೂ ತೆಗೀಬೇಕೇನವ್ವ?”

“ಬೇಡಕ್ಕ, ಅದೇನಲ್ಲ. ತಮ್ಮ ಏನೋ ಕಾರ್ಡಾಟ ಆಡ್ತಿದ್ದ, ಅದ್ರ ಪಟ್ಟಿ.”

ಅಕ್ಕ ಹಾಳೆಯನ್ನು ಬೆಳಕಿಗೆ ಹಿಡಿದರು. “ಒಂದರಿಂದ ನೂರರಗಂಟ ನಂಬರ್ ಹಾಕಿ ಬರ್ದವ್ನೆ. ಏನಲ್ಲ ಅಂದ್ರೆ ಹೆಂಗೆ? ಏನಾಟ ಕಣಮ್ಮ ಇದು?”

ಆ ಹದಿನೇಳು ದಿನವೂ ಬಂದವರೆಲ್ಲ ಕೇಳಿದ್ದು ಹೇಗಾಯ್ತು, ಎಲ್ಲಾಯ್ತು ಎಂದು ಮಾತ್ರ. ಅವನು ಏನು ಆಡುತ್ತಿದ್ದ ಎಂದು ಕೇಳಿದವರು ಇವರೊಬ್ಬರೇ. ನಾನು ಕೌಂಟರಿನ ಅಂಚು ಹಿಡಿದು ನಿಂತೇ ಹೇಳಿದೆ. ಇದು ಇಸ್ಪೀಟಲ್ಲ. ಮೃಗ, ಯೋಧ, ಮಂತ್ರಗಳ ಚಿತ್ರವಿರುವ ಸಾವಿರಾರು ಕಾರ್ಡುಗಳಲ್ಲಿ ನಮಗೆ ಬೇಕಾದ ನೂರನ್ನು ಆರಿಸಿ ಒಂದು ಡೆಕ್ ಕಟ್ಟಿಕೊಳ್ಳಬೇಕು. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು, ಹೀಗೆ ಐದು ಬಣ್ಣ. ಒಂದು ಬಣ್ಣದ ಕಾರ್ಡನ್ನು ಇಳಿಸಬೇಕಾದರೆ ಆ ಬಣ್ಣದ ನೆಲದ ಕಾರ್ಡು ಮೊದಲೇ ಮೇಜಿನ ಮೇಲಿರಬೇಕು. ನಾಲ್ಕು ಜನ ಸುತ್ತ ಕೂತು ಆಡುತ್ತಾರೆ. ತಮ್ಮನಿಗೆ ಐದೂ ಬಣ್ಣವನ್ನು ಒಂದೇ ಡೆಕ್‌ನಲ್ಲಿ ಕೂಡಿಸುವ ಹುಚ್ಚು. ಬರೆದ ನೂರರಲ್ಲಿ ಅರ್ಧದಷ್ಟೂ ಅವನ ಹತ್ತಿರ ಇರಲಿಲ್ಲ.

“ಉಳಿದದ್ದು ಪ್ರಿಂಟ್ ಹಾಕಾಣ. ಕಲರ್ ಮಿಷನ್ ಐತಲ್ಲ,” ಎಂದರು ಅಕ್ಕ, ಅದೊಂದು ಅರ್ಜಿಯೇನೋ ಎಂಬಂತೆ.

ನಾನು ಇಂಟರ್ನೆಟ್ಟಿನಲ್ಲಿ ಚಿತ್ರ ಹುಡುಕಿ ಕೊಟ್ಟೆ. ಅವರು ದಪ್ಪ ಹಾಳೆಯಲ್ಲಿ ಅಚ್ಚು ಹಾಕಿ, ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ, ಪ್ರತಿಯೊಂದರ ಹಿಂದೆ ‘ನಕಲು’ ಎಂಬ ಮೊಹರು ಒತ್ತಿದರು. ಆಟಕ್ಕೆ ಯಾಕೆ ಮೊಹರು ಎಂದದ್ದಕ್ಕೆ, “ನಾಳೆ ಯಾರ ಕೈಗೋ ಹೋಗ್ತದೆ. ಅಸಲು ಅಂದ್ಕಂಡು ಒಬ್ರು ಮೋಸ ಹೋಗ್ಬಾರ್ದು,” ಎಂದರು.

ಅಷ್ಟಕ್ಕೆ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಮುಂದಿನ ವಾರ ಹೋದಾಗ, “ಇದನ್ನ ನಂಗೂ ಕಲ್ಸು,” ಎಂದರು. ಇಂಗ್ಲಿಷ್ ಅವರಿಗೆ ಕೂಡಿಸಿ ಕೂಡಿಸಿ ಓದುವಷ್ಟು ಬರುತ್ತಿತ್ತು. ನಾನು ಪ್ರತಿ ಕಾರ್ಡಿನ ಅರ್ಥ ಹೇಳಿದರೆ ಕೆಳಗೆ ಪೆನ್ಸಿಲಿನಲ್ಲಿ ತಮ್ಮದೇ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು: ‘ಸುಟ್ಟಾಕ್ತದೆ’, ‘ಸತ್ತೋದು ಎದ್ ಬತ್ತದೆ’, ‘ಎಲ್ರಿಗೂ ಒಂದೊಂದು’. ಎದುರುಗಡೆಯ ಕೋರ್ಟನ್ನು ನೋಡುತ್ತಾ ಬೆಳೆದ ಬುದ್ಧಿ ಅವರದು. ಬೇರೆಯವರು ಹಾಕಿದ್ದನ್ನೆಲ್ಲ ತಡೆಯುವ ನೀಲಿಗೆ ‘ಆಕ್ಷೇಪಣೆ ಬಣ್ಣ’ ಎಂದು ಹೆಸರಿಟ್ಟರು. ಎಲ್ಲರಿಗೂ ಒಂದೇ ಕಟ್ಟಳೆ ಹೇರುವ ಬಿಳಿ ‘ಅಮಲ್ದಾರ’.

ಕೌಂಟರಿನ ಮೇಲೆ ಒಣಗಲು ಹರಡಿದ್ದ ಕಾರ್ಡುಗಳನ್ನು ಕಂಡು ಒಬ್ಬ ಯುವ ವಕೀಲರು ನಿಂತರು. ಕಾಲೇಜಿನ ಹಾಸ್ಟೆಲಿನಲ್ಲಿ ಈ ಆಟ ಆಡಿದವರು. ಶಿರಾದಲ್ಲಿ ಗಡಿಯಾರ ರಿಪೇರಿ ಮಾಡುವ ಭಾಯಿ ಭಾನುವಾರಗಳಂದು ಮಧುಗಿರಿಯ ಮಗಳ ಮನೆಗೆ ಬರುತ್ತಿದ್ದರು. ನಾಲ್ಕು ವಾರ ಬಾಗಿಲಲ್ಲಿ ನಿಂತು ನೋಡಿ, ಐದನೆಯ ವಾರ ಚಪ್ಪಲಿ ಬಿಟ್ಟು ಒಳಗೆ ಕೂತರು. ಹೀಗೆ ನಾಲ್ವರಾದೆವು. ಭಾನುವಾರ ಮಧ್ಯಾಹ್ನ ಬೆಟ್ಟದ ಬಂಡೆ ಕಾದು ಊರೆಲ್ಲ ಬಾಗಿಲು ಹಾಕಿಕೊಂಡಿರುವಾಗ, ಅರ್ಧ ಇಳಿಸಿದ ಷಟರಿನ ಹಿಂದೆ ನಮ್ಮ ಆಟ.

ನಾನು ಆಡುತ್ತಿದ್ದುದು ತಮ್ಮನ ಡೆಕ್. ಪ್ರತಿ ಸಲವೂ ಸೋಲುತ್ತಿದ್ದೆ. ಸೋತದ್ದಕ್ಕೆ ಬೇಸರವಿರಲಿಲ್ಲ, ಆದರೆ ಕೈಯಲ್ಲಿ ಚೆಂದದ ಕಾರ್ಡುಗಳು ತುಂಬಿದ್ದರೂ ಒಂದನ್ನೂ ಇಳಿಸಲಾಗದೆ ಸುಮ್ಮನೆ ಕೂರುತ್ತಿದ್ದೆ. ಒಂದು ಭಾನುವಾರ ಅಕ್ಕ ತಡೆಯಲಾರದೆ ಹೇಳಿಬಿಟ್ಟರು.

“ನಿನ್ ತಮ್ಮ ಬಣ್ಣದ ಮ್ಯಾಲೆ ಬಣ್ಣ ತುಂಬವ್ನೆ ಕಣಮ್ಮ. ಐದು ಬಣ್ಣಕ್ಕೆ ಸಾಕಾಗೋಷ್ಟು ನೆಲ ಎಲ್ಲೈತೆ? ಒಂದೊಂಬತ್ತು ಕಾರ್ಡ್ ತೆಗ್ದು ನೆಲ ಹಾಕು.”

“ಅವನು ಬರೆದದ್ದನ್ನ ಮುಟ್ಟಬೇಡಿ ಅಕ್ಕ.”

“ಅವ್ನಿದ್ದಿದ್ರೆ ಇಷ್ಟೊತ್ಗೆ ಅವ್ನೇ ತೆಗೀತಿದ್ದ.”

“ಇಲ್ಲವಲ್ಲ!” ಎಂದೆ. ಸ್ವರ ಜೋರಾಗಿತ್ತು. ಭಾಯಿ ತಲೆ ತಗ್ಗಿಸಿದರು. ಕಾರ್ಡು ಬಾಚಿಕೊಂಡು ಎದ್ದು ಬಂದೆ. ಏಳು ಭಾನುವಾರ ಆ ಕಡೆ ಹೋಗಲಿಲ್ಲ.

ಬಾಡಿಗೆಯ ಕೋಣೆಯಲ್ಲಿ ಒಬ್ಬಳೇ ಮಂಚದ ಮೇಲೆ ಆ ಡೆಕ್ ಹರಡಿ ಕೂರುತ್ತಿದ್ದೆ. ಆಟದ ಶುರುವಿಗೆ ಕೈಗೆ ಬರುವ ಏಳು ಕಾರ್ಡು ತೆಗೆಯುವುದು, ನೋಡುವುದು, ಮತ್ತೆ ಕಲೆಸುವುದು. ಎಷ್ಟು ಸಲ ತೆಗೆದರೂ ಸಾಕಷ್ಟು ನೆಲವಿಲ್ಲ. ಅಕ್ಕ ಹೇಳಿದ್ದು ನಿಜವೆಂದು ನನಗೆ ಮೊದಲ ವಾರವೇ ಗೊತ್ತಾಗಿತ್ತು. ಒಪ್ಪಿಕೊಂಡರೆ ತಮ್ಮ ಇನ್ನೊಂದು ಸಲ ಹೋದಂತೆ ಎನ್ನಿಸುತ್ತಿತ್ತು, ಅಷ್ಟೇ. ಕೊನೆಗೊಂದು ಬುಧವಾರ ಊಟದ ಬಿಡುವಿನಲ್ಲಿ ಅಂಗಡಿಗೆ ಹೋಗಿ ಆ ಗೆರೆಹಾಳೆಯನ್ನು ಕೌಂಟರಿನ ಮೇಲಿಟ್ಟೆ.

ಅಕ್ಕ ಹಾಳೆಯನ್ನು ಗಾಜಿನ ಮೇಲೆ ಬೋರಲಾಗಿಟ್ಟು ಮುಚ್ಚಳ ಹಾಕಿದರು. ಹಸಿರು ಬೆಳಕು ಒಮ್ಮೆ ಹಾದುಹೋಯಿತು. ತಮ್ಮನ ಅಕ್ಷರವಿದ್ದ ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಚಿ ನನ್ನ ಕೈಗಿತ್ತರು.

“ಅಸಲು ನಿನ್ತಾವೇ ಇರ್ಲಿ, ಜ್ವಾಪಾನ. ಇದು ನಕಲು. ಗೀಚೋದೆಲ್ಲ ಇದ್ರ ಮ್ಯಾಲೆ ಗೀಚಾಣ.”

ಒಂದೊಂದು ಹೆಸರಿಗೂ ಕೇಳುತ್ತಾ ಹೋದರು, “ಇದನ್ಯಾಕಿಟ್ಟಿದ್ದ?” ಕೆಲವಕ್ಕೆ ನನ್ನಲ್ಲಿ ಉತ್ತರವಿತ್ತು. ರೆಕ್ಕೆಯ ಹಾವು ಅವನಿಗೆ ಸಿಕ್ಕ ಮೊದಲ ಕಾರ್ಡು. ಕೊಡೆ ಹಿಡಿದ ಮುದುಕಿ ನಮ್ಮಜ್ಜಿಯ ಹಾಗಿದ್ದಾಳೆಂದು ನಗುತ್ತಿದ್ದ. ಉಳಿದವು ಬರೀ ಬಲವಾದ ಕಾರ್ಡುಗಳು, ಅಷ್ಟೇ.

“ಗೆಲ್ಲಾಕೆ ಅಂತ ಇಟ್ಟಿರೋದು ತೆಗಿ. ಇಷ್ಟ ಅಂತ ಇಟ್ಟಿರೋದು ಇರ್ಲಿ,” ಎಂದರು ಅಕ್ಕ.

ಒಂಬತ್ತು ಹೆಸರು ಹೊಡೆದು ಒಂಬತ್ತು ನೆಲ ಬರೆದೆವು. ಮುಂದಿನ ಭಾನುವಾರ ಮೊದಲ ಬಾರಿಗೆ ಐದೂ ಬಣ್ಣದ ನೆಲ ನನ್ನ ಮುಂದೆ ಸಾಲಾಗಿ ಕೂತವು. ರೆಕ್ಕೆಯ ಹಾವು ಮೇಜಿಗಿಳಿಯಿತು. ಮನಸ್ಸಿನಲ್ಲಿ ನನ್ನ ತಮ್ಮ ಕಂಡಿದ್ದು ಇದೇ ಎಂದು ತಿಳಿದ ಕೂಡಲೇ ನನ್ನ ಕಣ್ಣು ತುಂಬಿ ಕಾರ್ಡುಗಳು ಕಾಣದಾದವು. ವಕೀಲರು ಎದ್ದು ನೀರು ತರಲು ಹೊರಟರು. ಅಕ್ಕ ಮಾತ್ರ, “ಅಳೋದಾದ್ರೆ ಅಳವ್ವ. ನಿನ್ ಸರದಿ ಮುಗ್ಸಿ ಅಳು, ಭಾಯಿ ಕಾಯ್ತಾವ್ರೆ,” ಎಂದರು. ಅತ್ತೂ ನಕ್ಕೂ ಮುಗಿಸಿದೆ. ಆ ಆಟ ಗೆದ್ದವರು ಭಾಯಿ.

ಆಮೇಲೆ ಮೂರು ವರ್ಷ ಆಡಿದೆವು. ಅಕ್ಕ ತಮಗೆಂದು ಎಷ್ಟೋ ಡೆಕ್ ಕಟ್ಟಿದರು, ಎಲ್ಲವೂ ಮೂರು, ನಾಲ್ಕು, ಐದು ಬಣ್ಣದವು. ಒಂದೇ ಬಣ್ಣದ್ದು ಕಟ್ಟಿದರೆ ಸುಲಭವಲ್ಲವೇ ಎಂದರೆ, “ಸುಲ್ಬನೇ. ಆದ್ರೆ ಒಬ್ರೇ ಮಾತಾಡ್ದಂಗೆ ಇರ್ತದೆ,” ಎನ್ನುತ್ತಿದ್ದರು. ಬೇಗ ಗೆದ್ದು ಮುಗಿಸುವ ಡೆಕ್ ಅವರಿಗೆ ಸೇರುತ್ತಿರಲಿಲ್ಲ. ಸೋಲುವವರಿಗೂ ತಮ್ಮ ಡೆಕ್ ಏನು ಮಾಡಬಲ್ಲದು ಎಂದು ತೋರಿಸಲು ಒಂದು ಅವಕಾಶ ಸಿಗಬೇಕು. ಇಲ್ಲವಾದರೆ ಮನೆಯಲ್ಲೇ ಒಬ್ಬರೇ ಆಡಿಕೊಳ್ಳಲಿ ಎಂಬುದು ಅವರ ತೀರ್ಮಾನ.

ನನಗೆ ಶಿರಾಕ್ಕೆ ವರ್ಗವಾಯಿತು. ಭಾನುವಾರದ ಬಸ್ಸು ತಪ್ಪಿಸುತ್ತಿರಲಿಲ್ಲ. ಅದೇ ವರ್ಷ ಅಕ್ಕನ ಕಾಲು ಊದಿಕೊಳ್ಳತೊಡಗಿತು. ಮೂತ್ರಪಿಂಡದ ಕಾಯಿಲೆ ಎಂದರು ಡಾಕ್ಟರು. ತುಮಕೂರಿನ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಮುಖ ಚಿಕ್ಕದಾಗಿತ್ತು. ಹೇಗಿದ್ದೀರಿ ಎನ್ನುವ ಮೊದಲೇ ಕೇಳಿದರು.

“ಭಾನುವಾರ ಆಡಿದ್ರಾ?”

“ಆಡಿದ್ವಿ ಅಕ್ಕ.”

“ಸುಳ್ಳು. ಬೆಳಿಗ್ಗೆ ವಕೀಲಪ್ಪ ಬಂದಿದ್ದ, ಎಲ್ಲ ಹೇಳ್ದ. ನನ್ ಜಾಗ ಖಾಲಿ ಬುಟ್ಕಂಡು ಕೂತ್ಕಬ್ಯಾಡಿ. ಯಾರನ್ನಾದ್ರೂ ಕೂರ್ಸಿ, ಕಲ್ಸಿ. ಮೊದ್ಲು ಅವ್ರೂ ಸೋಲ್ತಾರೆ, ಪೋನೀಲೇ.”

ಅದಾಗಿ ಹನ್ನೆರಡನೆಯ ದಿನ ಹೋದರು. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿಯವರಿದ್ದಾರೆ.

ಒಂದು ವರ್ಷ ನಾವು ಮೂವರೂ ಕಾರ್ಡು ಮುಟ್ಟಲಿಲ್ಲ. ಈಗ ಶಿರಾದಲ್ಲಿ ಭಾಯಿಯ ಅಂಗಡಿಯಲ್ಲಿ ಸೇರುತ್ತೇವೆ. ನಾಲ್ಕನೆಯವರಾಗಿ ಹುಲಿಕುಂಟೆಯ ಶಾಲೆಯ ಒಬ್ಬರು ಟೀಚರ್ ಬರುತ್ತಾರೆ. ಚುರುಕು, ನಮ್ಮನ್ನೆಲ್ಲ ಸೋಲಿಸುತ್ತಾರೆ. ಅವರು ಬಂದದ್ದು ನಮಗೆಲ್ಲ ಒಳ್ಳೆಯದೇ ಆಯಿತು.

ಈ ಆಟದಲ್ಲಿ ಕೆಲವು ತಿಂಗಳಿಗೊಮ್ಮೆ ಹೊಸ ಕಾರ್ಡುಗಳು ಬರುತ್ತವೆ. ಬಂದಾಗಲೆಲ್ಲ ನಾನು ಪಟ್ಟಿ ತೆರೆದು, ಇದರಲ್ಲಿ ಅಕ್ಕ ಯಾವುದನ್ನು ಆರಿಸುತ್ತಿದ್ದರು ಎಂದು ಒಂದರ ಮೇಲೆ ಬೆರಳಿಟ್ಟು ಊಹಿಸುತ್ತೇನೆ. ಅವರಿದ್ದಾಗ ಒಮ್ಮೆಯೂ ನನ್ನ ಊಹೆ ಸರಿಯಾಗಿದ್ದಿಲ್ಲ. “ಅದಲ್ಲ ಕಣಮ್ಮ,” ಎಂದು ಯಾರೂ ಎಣಿಸದ ಯಾವುದೋ ಒಂದನ್ನು ಎತ್ತಿಕೊಳ್ಳುತ್ತಿದ್ದರು. ಈಗ ನಾನು ಬೆರಳಿಟ್ಟದ್ದೇ ಉಳಿಯುತ್ತದೆ. ಅದಲ್ಲ ಎನ್ನುವವರು ಇಲ್ಲ.