ಕೀಲಮ್ಮನ ಬಲಗಾಲು

ಫಿಸಿಯೋಥೆರಪಿ ಕಾಲೇಜಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಕೀಲಮ್ಮ ಎಂದೇ. ಬಸ್ ಕಂಡಕ್ಟರ್ ಆಗಿದ್ದವರು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯುವ ಚಟದಿಂದ ಬಲಗಾಲು ಮತ್ತೆ ಮತ್ತೆ ಉಳುಕಿ, ಪಾದದ ಕೀಲನ್ನು ಹೊರಬದಿಯಲ್ಲಿ ಬಿಗಿದಿಡುವ ಲಿಗಮೆಂಟ್ ಹರಿದೇ ಹೋಯಿತು. ಚಿಕಿತ್ಸೆಗೆಂದು ಬಂದಾಗ ಇಲ್ಲಿನ ಮೇಷ್ಟ್ರುಗಳಿಗೆ ಆ ಕಾಲಿನ ಮೇಲೆ ಪ್ರೀತಿ ಹುಟ್ಟಿತು: ಹಿಮ್ಮಡಿ ಹಿಡಿದು ಮುಂದಕ್ಕೆಳೆದರೆ ಪಾದ ಮೇಜಿನ ಡ್ರಾಯರ್‌ನಂತೆ ಜಾರುತ್ತದೆ. ನಿವೃತ್ತರಾದ ಮೇಲೆ ಪ್ರತಿ ವರ್ಷದ ಪ್ರಾಯೋಗಿಕ ಪರೀಕ್ಷೆಗೂ ಅವರೇ ರೋಗಿ.

ಈ ಸಲ ಚೀಟಿ ಎತ್ತಿದಾಗ ಅವರ ಬೆಂಚಿಗೆ ಮೊದಲು ಬಂದವಳು ಸ್ವಂತ ಸೊಸೆ. ಹೋದ ವರ್ಷ ಇದೇ ಪರೀಕ್ಷೆಯಲ್ಲಿ ಫೇಲಾದವಳು. ಇದು ಕೊನೆಯ ಅವಕಾಶ; ಕೈತಪ್ಪಿದರೆ ಡಿಗ್ರಿ ಇಲ್ಲ.

ಕೀಲಮ್ಮ ಮುಚ್ಚಿಡಲಿಲ್ಲ. "ಸಾರ್, ಇವಳು ನಮ್ಮ ಮನೆಯವಳು. ಈ ಕಾಲಿನ ಕಥೆಯೆಲ್ಲ ಇವಳಿಗೆ ಗೊತ್ತು."

ಪರೀಕ್ಷಕರು ಕನ್ನಡಕ ಏರಿಸಿದರು. "ಗೊತ್ತಿರೋದಕ್ಕೆ ಮಾರ್ಕ್ಸ್ ಇಲ್ಲಮ್ಮ. ಪಾದ ಜಾರೋದು ನನ್ನ ಕಣ್ಣಿಗೆ ಕಾಣಬೇಕು."

ಸೊಸೆ ಕ್ರಮ ತಪ್ಪಲಿಲ್ಲ. ಅತ್ತೆಯನ್ನು ಬೆಂಚಿನ ಅಂಚಿಗೆ ಕೂರಿಸಿ ಅವರ ಮಂಡಿ ಮಡಿಸಿದಳು. ಕಾಲು ನೆಟ್ಟಗೆ ಚಾಚಿದ್ದರೆ ಮೀನಖಂಡ ಬಿಗಿದು ಹಿಮ್ಮಡಿಯನ್ನು ಹಿಡಿದಿಟ್ಟುಬಿಡುತ್ತದೆ. ಪಾದವನ್ನು ತುಸು ಕೆಳಕ್ಕೆ ಬಾಗಿಸಿದಳು. ಒಂದು ಕೈ ಕಣಕಾಲಿಗೆ, ಇನ್ನೊಂದು ಹಿಮ್ಮಡಿಗೆ. ಎಳೆದಳು.

ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಎಷ್ಟೋ ಅಪರಿಚಿತ ಕೈಗಳಿಗೆ ಸಡಿಲವಾಗಿ ಸಿಕ್ಕ ಕಾಲು ಇವತ್ತು ಕಲ್ಲು. ಸೊಸೆ ಪಾಸಾಗಬೇಕೆಂಬ ಆತಂಕವೆಲ್ಲ ಮೀನಖಂಡಕ್ಕೆ ಇಳಿದಿತ್ತು. ಹರಿದ ಲಿಗಮೆಂಟ್ ಮಾಡಬೇಕಿದ್ದ ಕೆಲಸವನ್ನು ಸ್ನಾಯು ಮೈಮೇಲೆ ಎಳೆದುಕೊಂಡಿತ್ತು.

"ಅತ್ತೆ, ಕಾಲು ಸಡಿಲ ಬಿಡಿ."

"ಬಿಟ್ಟೇ ಇದ್ದೀನಲ್ಲೇ!"

"ಇದಾ ಬಿಟ್ಟಿರೋದು? ಕಂಬ ಇದ್ದ ಹಾಗಿದೆ."

"ನಿನ್ನ ಕೈಯಲ್ಲಿ ಬಲ ಇಲ್ಲ, ನನ್ನ ಕಾಲಿಗೆ ಹೇಳ್ತೀಯ!"

ಪರೀಕ್ಷಕರು ಗಡಿಯಾರ ನೋಡಿದರು. ಸೊಸೆ ಕೈ ತೆಗೆಯಲಿಲ್ಲ. ಜೋರಾಗಿ ಎಳೆಯಲೂ ಇಲ್ಲ, ಎಳೆದಷ್ಟೂ ಸ್ನಾಯು ಬಿಗಿಯುತ್ತದೆ. ಏನೋ ಮರೆತಿದ್ದು ನೆನಪಾದವಳಂತೆ ಕೇಳಿದಳು: "ಮಾವ ನಲ್ಲಿ ರಿಪೇರಿ ಮಾಡಿದ್ದು ಸಾರ್‌ಗೆ ಹೇಳಿದ್ರಾ?"

ಕೀಲಮ್ಮನ ಮುಖ ಅರಳಿತು. "ಅಯ್ಯೋ ಸಾರ್, ಕೇಳಿ! ತೊಟ್ಟಿಕ್ಕೋ ನಲ್ಲಿ ಸರಿ ಮಾಡ್ತೀನಿ ಅಂತ ಸ್ಪ್ಯಾನರ್ ಹಿಡಿದು ಕೂತವರು ನಲ್ಲೀನೇ ಕಿತ್ತು ಕೈಗೆ ತಗೊಂಡ್ರು. ನೀರು ಚಾವಣಿಗೆ! ಪೈಪಿನ ಬಾಯನ್ನ ಅಂಗೈಲಿ ಅದುಮಿ ಹಿಡ್ಕೊಂಡು, 'ಲೇ, ನಲ್ಲಿ ಸರಿಯಾಯ್ತು, ಈಗ ಪೈಪ್ ಕೆಟ್ಟಿದೆ' ಅಂತಾರೆ..."

ಎರಡೂ ಕೈ ಆಡಿಸುತ್ತ ನಕ್ಕರು. ನಗುತ್ತ ನಗುತ್ತ ಮೀನಖಂಡ ಮೆತ್ತಗಾಯಿತು.

ಸೊಸೆ ಎಳೆದಳು. ಪಾದ ಸರಕ್ಕನೆ ಮುಂದೆ ಬಂತು. ಪಾದದ ಹೊರಬದಿಯ ಮೂಳೆಗಂಟಿನ ಮುಂದೆ ಚರ್ಮ ಒಳಕ್ಕೆ ಸೆಳೆದು ಪುಟ್ಟ ಗುಳಿ ಬಿತ್ತು. ಬಿಟ್ಟಳು, ಗುಳಿ ಮಾಯ. ಮತ್ತೆ ಎಳೆದಳು, ಮತ್ತೆ ಗುಳಿ! ಎಡಗಾಲನ್ನೂ ಎಳೆದು ತೋರಿಸಿದಳು: ಅಲ್ಲಿ ಪಾದ ತಟ್ಟನೆ ತಡೆದು ನಿಂತಿತು.

"ಕಂಡಿತು, ಕಂಡಿತು!" ಪರೀಕ್ಷಕರು ಕುರ್ಚಿ ಬಿಟ್ಟು ಎದ್ದಿದ್ದರು. "ಪಾಸು, ಹೋಗಮ್ಮ."

"ಪಾಸಾ?" ಕೀಲಮ್ಮ ಬೆಂಚಿನಿಂದ ಧುಮುಕಿಯೇಬಿಟ್ಟರು.

"ಅತ್ತೆ, ಬಲಗಾಲು!" ಸೊಸೆ ಕಿರುಚಿ, ಅವರನ್ನು ಅನಾಮತ್ತಾಗಿ ತಬ್ಬಿ ಎತ್ತಿ ಮತ್ತೆ ಕೂರಿಸಿದಳು.

ಗಲಾಟೆ ಕೇಳಿ ಮುಂದಿನ ಹುಡುಗಿ ಬಾಗಿಲಲ್ಲಿ ಇಣುಕಿದಳು. ಕೀಲಮ್ಮ ಕಣ್ಣೊರೆಸಿಕೊಂಡು ಕಾಲು ಇಳಿಬಿಟ್ಟರು.

"ಬಾರಮ್ಮ ಬಾ. ಇನ್ನು ಯಾರು ಬೇಕಾದ್ರೂ ಎಳೀರಿ."