ತೂಕಕ್ಕೆ ಹಾಕದ ಹಿಡಿ

ಆಗ ನನಗೆ ಅರವತ್ತಮೂರು. ನಾಲ್ಕು ವರ್ಷದ ಹಿಂದಿನ ಮಾತು. ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಹಾಸ್ಟೆಲಿಗೆ ಇಪ್ಪತ್ತು ವರ್ಷ ಅನ್ನ ಬೇಯಿಸಿ, ಮೊಣಕಾಲು ಹೋದ ಮೇಲೆ ಹರಿಹರದ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಕೂತವಳನ್ನು ಎಬ್ಬಿಸಿದ್ದು ಆ ಹಾಸ್ಟೆಲಿನಲ್ಲೇ ನನ್ನ ಕೈಯ ಅನ್ನ ಉಂಡು ಓದಿದ ಒಬ್ಬ ಹುಡುಗಿ. ಅವಳು ಡಾಕ್ಟರೇಟಿಗೆ ಓದುತ್ತಿದ್ದಳು. ಯುರೋಪಿನ ನಾಲ್ಕು ವಿಶ್ವವಿದ್ಯಾಲಯಗಳು ಕೂಡಿಕೊಂಡು, ಜನ ಮನೆಯಲ್ಲಿ ಎಷ್ಟು ಉಣ್ಣುತ್ತಾರೆ, ಎಷ್ಟು ಚೆಲ್ಲುತ್ತಾರೆ ಅಂತ ನೋಡುವ ಕೆಲಸ ಹಿಡಿದಿದ್ದವು. ನಮ್ಮ ಕಡೆಯದು ಅವಳ ಪಾಲಿಗೆ ಬಂದಿತ್ತು.

ಮೊದಲು ಆ ನಾಲ್ವರೂ ಒಬ್ಬೊಬ್ಬರು ಒಂದೊಂದು ರೀತಿ ಅಳೆಯುತ್ತಿದ್ದರಂತೆ. ಒಬ್ಬರು ಬೇಯಿಸುವ ಮೊದಲು ತೂಗಿದರೆ, ಇನ್ನೊಬ್ಬರು ತಟ್ಟೆಗೆ ಬಡಿಸಿದ ಮೇಲೆ. ಮತ್ತೊಬ್ಬರು ತೂಗುತ್ತಲೇ ಇರಲಿಲ್ಲ, ಬಾಯಿಮಾತು ಕೇಳಿ ಬರೆದುಕೊಳ್ಳುತ್ತಿದ್ದರು. ಒಬ್ಬರ ಲೆಕ್ಕ ಇನ್ನೊಬ್ಬರ ಲೆಕ್ಕಕ್ಕೆ ಕೂಡುತ್ತಿರಲಿಲ್ಲ. ಎರಡು ವರ್ಷ ಜಗಳಾಡಿ, ಎಲ್ಲರೂ ಹೀಗೇ ಮಾಡಬೇಕು ಅಂತ ಒಂದು ಪುಸ್ತಕ ಮಾಡಿದರಂತೆ. ಹುಡುಗಿ ಅದನ್ನು ಕನ್ನಡದಲ್ಲಿ ಬರೆದು ತಂದಳು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ನಿಧಾನ, ಅಂಕಿ ಗಟ್ಟಿ. ಅವಳೇ ಓದಿ ಹೇಳಿದಳು, ನಾನು ತಲೆಯಲ್ಲಿ ಇಟ್ಟುಕೊಂಡೆ.

ಕುಕ್ಕುವಾಡದಲ್ಲಿ ಆರು ಮನೆ ಅವಳಿಗೆ, ನಂದಿಗುಡಿಯಲ್ಲಿ ಆರು ಮನೆ ನನಗೆ. ನಂದಿಗುಡಿ ನನ್ನ ತವರು, ಆರೂ ಮನೆ ಒಂದೇ ಓಣಿ. ತಿಂಗಳ ಮೊದಲ ದಿನ ಅಕ್ಕಿ ಚೀಲ ತೂಗಬೇಕು, ಕೊನೆಯ ದಿನ ಮತ್ತೆ ತೂಗಬೇಕು. ನಡುವೆ ದಿನಾ ಬೆಳಿಗ್ಗೆ, ಆ ದಿನ ಬೇಯಿಸುವ ಅಕ್ಕಿಯನ್ನು ಬ್ಯಾಟರಿ ತಕ್ಕಡಿಯಲ್ಲಿಟ್ಟು ಬರೆಯಬೇಕು. ಚೀಲ ಇಳಿದದ್ದೂ ನಾನು ಬರೆದದ್ದೂ ತಾಳೆಯಾಗಬೇಕು. ಒಂದು ತಿಂಗಳು ಮೊದಲ ಬಸ್ಸಿಗೆ ಹೋದೆ. ಬಸ್ಸಿನ ಮೆಟ್ಟಿಲು ಹತ್ತುವುದೇ ನನಗೆ ಒಂದು ದಿನದ ಕೆಲಸ. ಮೊದಲನೇ ಮನೆಯ ಸೊಸೆ ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದಳು.

“ಬಂದ್ಳಪ್ಪ ನಮ್ಮ ಹೊಟ್ಟೆ ಅಳೆಯಾಕೆ. ಇವತ್ತು ಒಂದು ತುತ್ತು ಜಾಸ್ತಿ ಉಂಡ್ರೆ ಫಾರಿನ್ನೋರು ಬೈತಾರೇನು?”

“ನೀನು ಉಂಡಿದ್ದು ಯಾರಿಗೂ ಬ್ಯಾಡ, ಮೊದಲು ಅಕ್ಕಿ ತೆಗಿ,” ಅನ್ನುತ್ತಿದ್ದೆ.

ತಿಂಗಳು ಮುಗಿಯಿತು. ಕುಕ್ಕುವಾಡದ ಲೆಕ್ಕ ಕೂಡಿತು. ನಂದಿಗುಡಿಯದು ಆರಕ್ಕೆ ಆರೂ ಮನೆ ತಪ್ಪು. ಚೀಲ ಹೆಚ್ಚು ಇಳಿದಿತ್ತು, ನನ್ನ ಪುಸ್ತಕದಲ್ಲಿ ಕಡಿಮೆ ಇತ್ತು.

ಮೂರು ವಾರ ಬಿಟ್ಟು ಹುಡುಗಿ ನನ್ನನ್ನು ವಿದ್ಯಾನಗರದ ತನ್ನ ಕೋಣೆಗೆ ಕರೆಸಿದಳು. ಲ್ಯಾಪ್‌ಟಾಪಿನಲ್ಲಿ ಯುರೋಪಿನ ಮೇಡಂ ಒಬ್ಬರು ಕೂತಿದ್ದರು, ನನ್ನಷ್ಟೇ ವಯಸ್ಸು, ನನ್ನಷ್ಟೇ ದಣಿದ ಮುಖ. ಅವರು ಇಂಗ್ಲಿಷಿನಲ್ಲಿ ಮೆತ್ತಗೆ ಏನೋ ಹೇಳುತ್ತಾ ಹೋದರು, ಇವಳ ಮುಖ ಇಳಿಯುತ್ತಾ ಹೋಯಿತು. ನಂದಿಗುಡಿಯನ್ನು ಪೂರ್ತಿ ತೆಗೆದುಹಾಕಿ ಅಂತಿದ್ದಾರೆ ಅಂದಳು. ಒಂದೇ ಊರು ಉಳಿದರೆ ಇವಳ ಡಾಕ್ಟರೇಟು ಅಲ್ಲಿಗೆ ನಿಂತಂತೆ. ಆಮೇಲೆ ನನ್ನ ಮುಖ ನೋಡದೆ ಕೇಳಿದಳು.

“ಅಜ್ಜಿ, ಸಿಟ್ಟಾಗಬ್ಯಾಡ್ರಿ. ದಿನಾ ಹೋಗಿದ್ರಿ ಹೌದಲ್ಲ? ಮನ್ಯಾಗೆ ಕೂತು ಬರೆದಿಲ್ಲಲ್ಲ?”

ಇಪ್ಪತ್ತು ವರ್ಷದ ಕೆಲಸದಲ್ಲಿ ಅನ್ನ ಸೀದಿದೆ ಅಂದವರಿದ್ದಾರೆ, ಉಪ್ಪು ಹೆಚ್ಚು ಅಂದವರಿದ್ದಾರೆ. ಸುಳ್ಳಿ ಅಂದವರಿಲ್ಲ.

“ಅಕ್ಕಿ ಡಬ್ಬಿ ತಾ. ತಕ್ಕಡಿ ಇಡು. ಹೆಂಗೆ ತೂಗಿದೆ ಅಂತ ತೋರಿಸ್ತೀನಿ, ಆ ಯಮ್ಮನೂ ನೋಡ್ಲಿ.”

ಮೊರ ಇರಲಿಲ್ಲ, ತಟ್ಟೆಗೆ ಅಕ್ಕಿ ಸುರಿದೆ. ಒಂದು ಹಿಡಿ ತೆಗೆದು ಪಕ್ಕದ ಪೇಪರಿನ ಮೇಲೆ ಹಾಕಿದೆ. ಉಳಿದದ್ದನ್ನು ತಕ್ಕಡಿಗಿಟ್ಟು, ಇಷ್ಟೇ ಅಂದೆ.

“ಅದನ್ಯಾಕ ತೆಗೆದ್ರಿ?”

“ಯಾವುದನ್ನ?”

“ಆ ಹಿಡಿ.”

ನಾನೂ ಆಗಲೇ ನೋಡಿದ್ದು. ಅದು ಮಠದ ಹಿಡಿ. ನಮ್ಮೂರಲ್ಲಿ ಅಕ್ಕಿ ಚೀಲದಿಂದ ಮೊರಕ್ಕೆ ಬಂದೊಡನೆ ಒಂದು ಹಿಡಿ ಮಠದ ಗಡಿಗೆಗೆ ಬೀಳುತ್ತದೆ. ತಿಂಗಳಿಗೊಮ್ಮೆ ಮಠದವರು ಬಂದು ಒಯ್ಯುತ್ತಾರೆ. ಕುಕ್ಕುವಾಡದಲ್ಲಿ ಈ ರೂಢಿ ಇಲ್ಲ. ಬೇಯಿಸುವ ಅಕ್ಕಿ ಅಂದರೆ ನಮಗೆ ಅದನ್ನು ತೆಗೆದ ಮೇಲೆ ಉಳಿದದ್ದು. ಆರು ಮನೆಯವರೂ ನನ್ನ ಕಣ್ಣೆದುರೇ ತೆಗೆದರು, ನಾನು ನೋಡುತ್ತಲೇ ಕೂತಿದ್ದೆ, ಹೇಳಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಪೇಟೆಯಲ್ಲಿ ಕುಕ್ಕರ್ ಇಟ್ಟು ಬೆಳೆದ ಹುಡುಗಿಗೆ ಇದನ್ನು ಕೇಳಬೇಕು ಅಂತ ಗೊತ್ತಿರಲಿಲ್ಲ.

ನಾನು ಹೇಳಿದ್ದನ್ನು ಹುಡುಗಿ ತಿಳಿಸಿದೊಡನೆ ಮೇಡಂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಆ ಹಿಡಿಯನ್ನು ತೂಗಿಸಿದರು. ಇದನ್ನೇ ಆರು ಮನೆಗೂ ಮೂವತ್ತು ದಿನಕ್ಕೂ ಕೂಡಿಸಿಬಿಡೋಣ, ಲೆಕ್ಕ ಸರಿಹೋಗುತ್ತದೆ ಅಂದರಂತೆ. ಹುಡುಗಿಯ ಮುಖ ಅರಳಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವತ್ತೇ ಮುಗಿಯುತ್ತಿತ್ತು, ನನ್ನ ಮೊಣಕಾಲಿಗೂ ಒಳ್ಳೆಯದಿತ್ತು.

“ಅದು ಸುಳ್ಳಾಗ್ತದೆ,” ಅಂದೆ. “ಇದು ನನ್ನ ಕೈ. ಎದುರಿಗೆ ಅತ್ತೆ ಕೂತಿದ್ರೆ ಸೊಸೆ ಹಿಡಿ ದೊಡ್ಡದು, ಅತ್ತೆ ಹೊಲಕ್ಕೆ ಹೋಗಿದ್ರೆ ಸಣ್ಣದು. ಯಾವುದನ್ನ ಕೂಡಿಸ್ತೀರಿ?”

ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮೇಡಂ ನಕ್ಕರು. ಆಮೇಲೆ ನಗು ನಿಲ್ಲಿಸಿ, ಉಳಿದ ಮೂರೂ ಕಡೆಯವರನ್ನು ಕೇಳಬೇಕು ಅಂದರು. ಐದು ದಿನಕ್ಕೆ ಉತ್ತರ ಬಂತು. ಒಂದು ದೇಶದಲ್ಲಿ ಹೆಂಗಸರು ಬ್ರೆಡ್ಡಿನ ಮೊದಲ ತುಂಡು ಕೋಳಿಗೆ ಹಾಕುತ್ತಾರಂತೆ, ಅದನ್ನೂ ಯಾರೂ ತೂಗಿರಲಿಲ್ಲ. ಪುಸ್ತಕಕ್ಕೆ ಒಂದು ಸಾಲು ಸೇರಿಸಿದರು. ಒಲೆಗೆ ಹೋಗುವ ಮೊದಲು ಯಾರಿಗೇ ಎತ್ತಿಟ್ಟರೂ ಅದನ್ನು ಬೇರೆಯಾಗಿ ತೂಗಬೇಕು, ನಾಲ್ಕೂ ಕಡೆ. ನಂದಿಗುಡಿಯನ್ನು ತೆಗೆಯುವುದಿಲ್ಲ, ಆದರೆ ಮೊದಲಿಂದ ಮಾಡಬೇಕು. ಹೇಳಿಹೋಗಲು ಹುಡುಗಿ ಹರಿಹರಕ್ಕೇ ಬಂದಳು.

ಇನ್ನೊಂದು ತಿಂಗಳು ಬಸ್ಸು. ನನ್ನಿಂದ ಆಗುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೋ ಅಂದೆ. ಅವಳು ಒತ್ತಾಯ ಮಾಡಲಿಲ್ಲ. ನಾನು ಕೊಟ್ಟ ಚಹಾ ಕುಡಿದು, ಲೋಟ ತೊಳೆದಿಟ್ಟು ಚಪ್ಪಲಿ ಮೆಟ್ಟಿದಳು. ನನಗೆ ತಡೆಯಲಾಗಲಿಲ್ಲ. ಹೊರಗಿನವಳು ಹೋದರೆ ಅತ್ತೆಯಂದಿರು ಎದುರಿಗೇ ಕೂರುತ್ತಾರೆ, ಅವಳು ದೊಡ್ಡ ಹಿಡಿಯನ್ನೇ ಬರೆದುಕೊಂಡು ಬರುತ್ತಾಳೆ.

“ಯಾವತ್ತಿಂದ?” ಅಂದೆ.

“ನಾಳೆ ಒಂದನೇ ತಾರೀಖು, ಅಜ್ಜಿ.”

ಮರುದಿನ ಬೆಳಿಗ್ಗೆ ಮೊಣಕಾಲಿಗೆ ಎಣ್ಣೆ ತಿಕ್ಕಿ, ಮೊದಲ ಬಸ್ಸು ಹತ್ತಿ ನಂದಿಗುಡಿಗೆ ಹೋದೆ. ಮೊದಲನೇ ಮನೆಯ ಚೀಲ ತೂಗಿದೆ. ಸೊಸೆ ಮೊರಕ್ಕೆ ಕೈ ಹಾಕಿದಳು. ಅವಳ ಅತ್ತೆ ಹಿತ್ತಲಲ್ಲಿದ್ದಳು. ಹಿಡಿ ಗಡಿಗೆಗೆ ಬೀಳುವ ಮೊದಲು ತಕ್ಕಡಿ ಒಡ್ಡಿ, ಬಂದ ಅಂಕಿಯನ್ನು ಬರೆದುಕೊಂಡೆ.